ಸಹಿಯ ಮೇಲಿನ ಸಾಲು

ಇಂಗ್ಲೆಂಡಿನ ಲಡ್ಲೋ ಊರಿನ ಗ್ರಂಥಾಲಯದಲ್ಲಿ ಗುರುವಾರ ಗುರುವಾರ ಈನಿಡ್ ಕ್ರಾಕ್ಸಲ್, ಕಾಗದ ಇಮೇಲ್ ಬರೆಯಲು ತಡವರಿಸುವವರಿಗೆ ನೆರವಾಗುತ್ತಾಳೆ. ಪಕ್ಕದ ಮೇಜು ನನ್ನದು. ಸಹಿಯ ಮೇಲಿನ ಸಾಲಿಗೆ ಏನು ಹಾಕಬೇಕೆಂದು ಅವಳು ಅರ್ಧ ಗಂಟೆ ಯೋಚಿಸುವುದನ್ನು ಕಂಡು ನನಗೆ ಮೈಯೆಲ್ಲ ಉರಿಯುತ್ತಿತ್ತು. ಈಗ ಹೇಳುತ್ತೇನೆ, ಆ ಹೆಂಗಸಿಗೆ ಕೈ ಮುಗಿಯಬೇಕು.

ಒಂದು ಗುರುವಾರ ಬಂದವನು ವಿಲ್ಫ್ ಟ್ರಾಂಟರ್. ಮೂವತ್ತು ವರ್ಷ ತೆರಿಗೆ ಕಚೇರಿಯಲ್ಲಿ ಸವೆದವನು. ಆರು ವರ್ಷದ ಹಿಂದೆ ಮಗಳು ರೋಸಲಿಂಡ್ ಹೇಳದೆ ಕೇಳದೆ ಮದುವೆಯಾದಳೆಂದು ಸಿಟ್ಟಾಗಿ, ಹೆತ್ತ ಮಗಳಿಗೆ ಬರೆದ ಕಾಗದದ ಕೊನೆಗೆ 'ಯುವರ್ಸ್ ಫೇತ್‌ಫುಲಿ, ಡಬ್ಲ್ಯು. ಟ್ರಾಂಟರ್' ಎಂದು ಹಾಕಿದ್ದ, ತೆರಿಗೆ ಕಟ್ಟದವರಿಗೆ ಹಾಕುವಂತೆ. ಅಂದಿನಿಂದ ಮಾತಿಲ್ಲ. ಈಗ ಅವಳಿಂದ ಇಮೇಲ್: ತೀರಿಹೋದ ಅಮ್ಮನ ಹೊಲಿಗೆ ಯಂತ್ರ ನನ್ನಲ್ಲಿದೆ, ಬೇಕಿದ್ದರೆ ತಿಳಿಸಿ, ಇಲ್ಲವಾದರೆ ಯಾರಿಗಾದರೂ ಕೊಡುತ್ತೇನೆ. ರಿಗಾರ್ಡ್ಸ್, ರೋಸಲಿಂಡ್.

"ಬರೀ ರಿಗಾರ್ಡ್ಸ್ ಕಣಮ್ಮಾ! ಮುಂಚೆ ಒಂದು 'ಕೈಂಡ್' ಕೂಡ ಹಾಕಿಲ್ಲ," ಎಂದ ವಿಲ್ಫ್. "ಈ ಸಲಾನೂ ಕೆಡಿಸ್ಕೊಂಡ್ರೆ ಅವಳು ನನಗೆ ಮತ್ತೆ ಸಿಗಲ್ಲ."

"ಅಯ್ಯೋ, 'ಪ್ರೀತಿಯಿಂದ, ಅಪ್ಪ' ಅಂತ ಹಾಕಿ ಕಳಿಸಯ್ಯ," ಎಂದೆ ನಾನು.

"ಗ್ಲೆನಿಸ್, ನೀನು ಸ್ವಲ್ಪ ಸುಮ್ನಿರ್ತೀಯಾ?" ಈನಿಡ್ ಗದರಿದಳು. "ಆರು ವರ್ಷ ಬಿಟ್ಟು ಒಂದೇ ಸಲ ಪ್ರೀತಿ ಸುರಿದ್ರೆ ಯಾರು ನಂಬ್ತಾರೆ? ವಿಲ್ಫ್, ಅವಳು ಚಿಕ್ಕೋಳಿದ್ದಾಗ ಶಾಲೆ ಶಿಬಿರಕ್ಕೆ ಹೋದ್ರೆ ಕಾಗದ ಹಾಕ್ತಿದ್ರಾ? ಕೊನೆಗೆ ಏನ್ ಬರೀತಿದ್ರಿ?"

ಮುದುಕನ ಕಿವಿ ಕೆಂಪಾಯಿತು. "ಥೂ, ಅದೇನ್ ಬಿಡಿ... 'ಕಾಲು ಒದ್ದೆ ಮಾಡ್ಕೋಬೇಡ, ಅಪ್ಪ' ಅಂತ. ಬೇರೆ ಏನೂ ಬರೆಯೋಕೆ ಬರ್ತಿರಲಿಲ್ಲ ನಂಗೆ."

"ಅದನ್ನೇ ಬರೀರಿ."

ಮೇಲೆ ಎರಡೇ ಮಾತು: ಯಂತ್ರ ನಿನಗೇ ಇರಲಿ, ಅವತ್ತಿನ ಕಾಗದ ನನ್ನ ತಪ್ಪು. ಕೆಳಗೆ ಆ ಸಾಲು. ನಾನಂತೂ ಕಿಸಕ್ಕನೆ ನಕ್ಕುಬಿಟ್ಟೆ. ಕಳಿಸುವ ಗುಂಡಿ ಒತ್ತಲು ವಿಲ್ಫ್‌ಗೆ ಬೆರಳೇ ಏಳಲಿಲ್ಲ. ಕೊನೆಗೆ ಕಣ್ಣು ಮುಚ್ಚಿಕೊಂಡು ಒತ್ತಿದ.

ಮುಂದಿನ ಗುರುವಾರ ನಾವು ಬೀಗ ತೆಗೆಯುವ ಮೊದಲೇ ಬಾಗಿಲಲ್ಲಿ ನಿಂತಿದ್ದ, ಕೈಯಲ್ಲಿ ಉತ್ತರದ ಪ್ರತಿ. ಈನಿಡ್ ಓದಿ ಕನ್ನಡಕ ತೆಗೆದು ಒರೆಸತೊಡಗಿದಳು. ನಾನು ಅವಳ ಕೈಯಿಂದ ಕಿತ್ತುಕೊಂಡೆ. ಶನಿವಾರ ಬರುತ್ತೇನೆ, ಚಹಾಕ್ಕೆ ಹಾಲು ತಂದಿಡು ಎಂದಿತ್ತು. ಸಹಿಯ ಮೇಲೆ ಹೀಗೆ ಬರೆದಿದ್ದಳು:

'ಆರು ವರ್ಷದಿಂದ ಒದ್ದೆಯಾಗೇ ಇದೆ, ಅಪ್ಪಾ. ನಿನ್ನ ರೋಸಿ.'