ಮುಚ್ಚಿಟ್ಟ ನಕ್ಷತ್ರಗಳು

ಅಂದು ಮಧ್ಯಾಹ್ನ ಎರಡೂವರೆಗೆ ಮಾವನನ್ನು ಕಣ್ಣಿನ ಆಸ್ಪತ್ರೆಯಲ್ಲಿ ತೋರಿಸಬೇಕಿತ್ತು. ಗಂಡ ಊರಲ್ಲಿರಲಿಲ್ಲ. ಆಸ್ಪತ್ರೆ ತಾನು ಕೆಲಸ ಮಾಡುವ ಖಗೋಳ ಸಂಸ್ಥೆಯಿಂದ ಎರಡೇ ಬೀದಿ ಆಚೆಗಿದ್ದುದರಿಂದ ಸೊಸೆ ಬೆಳಿಗ್ಗೆಯೇ ಅವರನ್ನು ಜೊತೆಗೆ ಕರೆತಂದು, ತನ್ನ ಕೋಣೆಯ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂರಿಸಿ, ಕೈಗೊಂದು ಪತ್ರಿಕೆ ಕೊಟ್ಟಳು. ಪೊರೆ ಬಂದ ಕಣ್ಣಿನವರಿಗೆ ಪತ್ರಿಕೆ ಕೊಟ್ಟೆನಲ್ಲ ಎಂದು ಆಮೇಲೆ ನಾಲಿಗೆ ಕಚ್ಚಿಕೊಂಡಳು.

ಅವಳ ಮನಸ್ಸೆಲ್ಲ ಕೆಲಸದಲ್ಲಿತ್ತು. ದೂರದರ್ಶಕವೊಂದು ಆಕಾಶವನ್ನೆಲ್ಲ ತುಂಡು ತುಂಡಾಗಿ ತೆಗೆದ ಚಿತ್ರಗಳಲ್ಲಿ ಗೆಲಾಕ್ಸಿಗಳ ಬೆಳಕನ್ನು ಅಳೆಯುವುದು ಅವಳ ಕೆಲಸ. ಪ್ರತಿಯೊಂದರ ಸುತ್ತ ಮೊಟ್ಟೆಯಾಕಾರದ ಗೆರೆ ಎಳೆಯಬೇಕು, ಒಳಗಿನ ಬೆಳಕನ್ನು ಕೂಡಿಸಬೇಕು, ಅದರಲ್ಲಿ ಬರೀ ಆಕಾಶದ್ದೆಷ್ಟೋ ಅಷ್ಟನ್ನು ಕಳೆಯಬೇಕು. ಹೇಳಲು ಇಷ್ಟೇ. ಮಾಡುವಷ್ಟರಲ್ಲಿ ನಾಲ್ಕು ವರ್ಷ ಹಿಡಿದಿತ್ತು. ಕೊನೆಗೆ ಇನ್ನೂರ ಎಪ್ಪತ್ತು ಗೆಲಾಕ್ಸಿಗಳ ಸುತ್ತ, ಯಾರೂ ನಿರೀಕ್ಷಿಸದಷ್ಟು ದೂರದವರೆಗೆ, ಮಸುಕಾದ ಬೆಳಕಿನ ಬಳೆಯೊಂದು ಕಂಡಿತ್ತು. ಅದರ ಸಂಶೋಧನಾ ಪ್ರಬಂಧ ಅಂದು ಸಂಜೆಯೊಳಗೆ ವಿಜ್ಞಾನ ಪತ್ರಿಕೆಗೆ ಹೋಗಬೇಕಿತ್ತು.

ಮಾವ ಮೂವತ್ತೊಂದು ವರ್ಷ ಬಸ್ಸು ಓಡಿಸಿದವರು. ಸುಮ್ಮನೆ ಕೂತು ಗೊತ್ತಿಲ್ಲ. ಹತ್ತು ನಿಮಿಷಕ್ಕೆ ಪತ್ರಿಕೆ ಮಡಿಸಿಟ್ಟು ಅವಳ ಬೆನ್ನ ಹಿಂದೆ ಬಂದು ನಿಂತರು. ಎಡಗಣ್ಣಿನ ಶಸ್ತ್ರಚಿಕಿತ್ಸೆ ಆಗಿತ್ತು, ಬಲಗಣ್ಣಿನದು ಬಾಕಿ. ಪರದೆ ನೋಡುತ್ತ ಒಮ್ಮೆ ಈ ಕಣ್ಣು ಮುಚ್ಚಿದರು, ಒಮ್ಮೆ ಆ ಕಣ್ಣು.

“ಏನಮ್ಮಾ, ಈ ಬೆಳಕಿನ ಸುತ್ತ ಒಂದು ಬಳೆ ಕಾಣ್ತಿದೆಯಲ್ಲ, ಅದು ನಿಜವಾಗ್ಲೂ ಇದೆಯಾ, ನನ್ನ ಕಣ್ಣಿಂದಾ?”

“ಇದೆ ಮಾವ. ಅದನ್ನ ಹಿಡಿಯೋಕೇ ಇಷ್ಟು ವರ್ಷ ಆಯ್ತು,” ಎಂದಳು, ತಿರುಗದೆಯೇ.

“ಹಾಗಾದ್ರೆ ಸರಿ. ನನಗೆ ಪೊರೆ ಬಂದಿದೆ ಅಂತ ಗೊತ್ತಾಗಿದ್ದೇ ಹೀಗೆ. ಎದುರಿಂದ ಬರೋ ಗಾಡಿಗೆಲ್ಲ ಬಳೆ. ಮೊದಲು ಆ ಗಾಡಿಗಳ ದೀಪಾನೇ ಕೆಟ್ಟಿದೆ ಅಂತ ಬೈಕೊಂಡೆ. ಆಮೇಲೆ ನೋಡಿದ್ರೆ ಬೀದಿದೀಪಕ್ಕೂ ಬಳೆ, ನಮ್ಮನೆ ಬಲ್ಬಿಗೂ ಬಳೆ!” ನಕ್ಕು, ಪರದೆಗೆ ಬೆರಳು ತೋರಿಸಿದರು. “ಇವೇನು, ಅಲ್ಲಲ್ಲಿ ಕಪ್ಪು ತೇಪೆ?”

“ಅವು ನಕ್ಷತ್ರಗಳು. ಅಳೆಯೋವಾಗ ಅಡ್ಡ ಬರ್ತಾವೆ ಅಂತ ಮುಚ್ಚಿಟ್ಟಿದ್ದೀವಿ.”

“ಅವಕ್ಕೂ ಬಳೆ ಇದೆಯಾ?”

ಅವಳಿಗೆ ರೇಗಿತು. “ಮಾವ, ಸ್ವಲ್ಪ ಹೊತ್ತು ಕೂತ್ಕೊಳ್ಳಿ. ಇವತ್ತು ಇದನ್ನ ಕಳಿಸ್ಲೇಬೇಕು.”

ಅವರು ತೆಪ್ಪಗೆ ಹೋಗಿ ಕೂತರು. ಆದರೆ ಪ್ರಶ್ನೆ ಮಾತ್ರ ಅಲ್ಲೇ ನಿಂತುಬಿಟ್ಟಿತು. ಮಸೂರ ಬೆಳಕನ್ನು ಕೊಂಚ ಚದುರಿಸುತ್ತದೆ ಎಂಬುದು ಅವಳಿಗೆ ತಿಳಿಯದ್ದೇನಲ್ಲ. ಕ್ಯಾಮೆರಾ ಕಟ್ಟಿದವರು ಆ ಚದುರುವಿಕೆ ಇಷ್ಟು ದೂರಕ್ಕೆ ಮುಗಿಯುತ್ತದೆ ಎಂದು ಬರೆದುಕೊಟ್ಟಿದ್ದರು, ಅವಳೂ ಅಷ್ಟನ್ನೇ ಲೆಕ್ಕಕ್ಕೆ ಹಿಡಿದಿದ್ದಳು. ಅದರಾಚೆ ಏನಿದೆಯೆಂದು ನಕ್ಷತ್ರಗಳ ಸುತ್ತ ನೋಡಿರಲಿಲ್ಲ. ನೋಡುವುದಾದರೂ ಹೇಗೆ, ಮೊದಲ ದಿನವೇ ಮುಚ್ಚಿಟ್ಟಿದ್ದಳಲ್ಲ.

ಒಂದು ನಕ್ಷತ್ರದ ಮುಚ್ಚಳ ತೆಗೆದಳು. ಬಳೆ. ಇನ್ನೊಂದು ತೆಗೆದಳು. ಅಲ್ಲೂ ಬಳೆ. ಐವತ್ತು ನಕ್ಷತ್ರಗಳನ್ನು ಒಟ್ಟಿಗೆ ಅಳೆದಳು. ಗೆಲಾಕ್ಸಿಗಳದ್ದೇ ಅಗಲ, ಅದೇ ಮಸುಕು. ಬರೀ ಚುಕ್ಕೆಯಾಗಿ ಕಾಣಬೇಕಾದ ನಕ್ಷತ್ರಕ್ಕೆ ಅಂಥ ಬಳೆ ಇರಲು ಸಾಧ್ಯವೇ ಇಲ್ಲ. ಅದು ಕ್ಯಾಮೆರಾದೊಳಗೆ ಚದುರಿದ ಬೆಳಕು. ಅವಳು ಕುರ್ಚಿಯನ್ನು ಪರದೆಯಿಂದ ಹಿಂದಕ್ಕೆ ತಳ್ಳಿದಳು.

“ಏನಾಯ್ತಮ್ಮಾ?” ಮಾವ ಎದ್ದು ಬಂದರು.

“ನೀವು ಹೇಳಿದ್ದೇ ಸರಿ ಮಾವ. ಎಲ್ಲದಕ್ಕೂ ಬಳೆ ಇದೆ. ಕ್ಯಾಮೆರಾದ ಕಣ್ಣೇ ಹಾಗೆ.”

ಅವರ ಮುಖ ಸಣ್ಣದಾಯಿತು. “ಅಯ್ಯೋ, ಬಾಯಿ ಸುಮ್ಮನಿರದೆ ನಿನ್ನ ಕೆಲಸ ಕೆಡಿಸಿಬಿಟ್ನಲ್ಲ.”

“ಕೆಡಿಸಿದ್ದಾ? ಮಾನ ಉಳಿಸಿದ್ರಿ! ಅಚ್ಚಾದ ಮೇಲೆ ಯಾರಾದ್ರೂ ಇದನ್ನ ಕೇಳಿದ್ರೆ ನಾನು ಮುಖ ಎಲ್ಲಿಟ್ಕೋತಿದ್ದೆ?” ಎಂದಳು. ಅವರ ಕೈಯನ್ನು ತನ್ನೆರಡೂ ಕೈಗಳಲ್ಲಿ ಹಿಡಿದುಕೊಂಡಳು. ಮದುವೆಯಾಗಿ ಒಂಬತ್ತು ವರ್ಷವಾದರೂ ಹಾಗೆ ಹಿಡಿದದ್ದು ಅದೇ ಮೊದಲು. ಸ್ಟಿಯರಿಂಗು ಹಿಡಿದು ಹಿಡಿದು ಅಂಗೈ ಜಡ್ಡುಗಟ್ಟಿಹೋಗಿತ್ತು.

ಗುಂಪಿನ ಮುಖ್ಯಸ್ಥೆಗೆ ಫೋನು ಮಾಡಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಮುಖ್ಯಸ್ಥೆ, “ನಾಲ್ಕು ವರ್ಷದಲ್ಲಿ ನನಗೂ ಹೊಳೀಲಿಲ್ಲ ನೋಡಿ. ಇವತ್ತು ಕಳಿಸೋದು ಬೇಡ. ನಿಮ್ಮ ಮಾವನಿಗೆ ನನ್ನ ನಮಸ್ಕಾರ ಹೇಳಿ,” ಎಂದರು.

ಎರಡೂವರೆಗೆ ಸರಿಯಾಗಿ ಮಾವ, ಸೊಸೆ ಇಬ್ಬರೂ ಆಸ್ಪತ್ರೆಯಲ್ಲಿದ್ದರು. ಹದಿನೈದು ದಿನಕ್ಕೆ ಬಲಗಣ್ಣಿನ ಶಸ್ತ್ರಚಿಕಿತ್ಸೆಯೂ ಆಯಿತು. ಪಟ್ಟಿ ಬಿಚ್ಚಿದ ದಿನ ಮಾವ ವೈದ್ಯರ ಮೇಜಿನ ದೀಪವನ್ನೇ ಎವೆಯಿಕ್ಕದೆ ನೋಡಿ, “ಬರೀ ದೀಪ. ಬೇರೇನಿಲ್ಲ,” ಎಂದು ಮಗುವಿನ ಹಾಗೆ ನಕ್ಕರು.

ಸೊಸೆಯ ಕೆಲಸಕ್ಕೆ ಮಾತ್ರ ಏಳು ತಿಂಗಳು ಹಿಡಿಯಿತು. ಪ್ರಖರವಾದ ನಕ್ಷತ್ರಗಳಿಂದ ಕ್ಯಾಮೆರಾದ ಚದುರುವಿಕೆಯನ್ನು ಪೂರ್ತಿ ಅಳೆದು, ಅದನ್ನು ಪ್ರತಿ ಗೆಲಾಕ್ಸಿಯಿಂದಲೂ ಕಳೆದಳು. ಬಳೆಗಳು ಒಂದೊಂದಾಗಿ ಅಳಿಸಿಹೋದವು. ಹತ್ತೊಂಬತ್ತು ಗೆಲಾಕ್ಸಿಗಳಲ್ಲಿ ಮಾತ್ರ ಏನೋ ಉಳಿಯಿತು. ಅದೂ ಅನುಮಾನ ಎಂದೇ ಬರೆದಳು. ಆದರೆ ಆ ಚದುರುವಿಕೆಯ ಅಳತೆ ಎಷ್ಟೋ ಜನರಿಗೆ ಬೇಕಾಗಿತ್ತು. ಗುರುತೇ ಇಲ್ಲದವರು ಪತ್ರ ಬರೆದು, ನಮ್ಮದನ್ನೂ ತಿದ್ದಿಕೊಂಡೆವು, ದೊಡ್ಡ ಉಪಕಾರವಾಯಿತು ಎಂದರು.

ಪ್ರಬಂಧ ಅಚ್ಚಾಗಿ ಬಂದ ಭಾನುವಾರ ಮಾವ ಅಡುಗೆಮನೆಯಲ್ಲಿ ಬಟಾಣಿ ಸುಲಿಯುತ್ತಿದ್ದರು. ಅವಳು ಕೊನೆಯ ಪುಟ ತೆಗೆದು, ಕನ್ನಡದಲ್ಲಿ ಓದಿ ಹೇಳಿದಳು: “ನಕ್ಷತ್ರಗಳಿಗೂ ಬಳೆ ಇದೆಯೇ ಎಂದು ಮೊದಲು ಕೇಳಿದ, ಲೇಖಕಿಯ ಮಾವನವರಾದ ನಿವೃತ್ತ ಬಸ್ ಚಾಲಕರಿಗೆ ನಾವೆಲ್ಲರೂ ಋಣಿಗಳು.”

ಮಾವ ತಲೆ ತಗ್ಗಿಸಿಯೇ ಇನ್ನೆರಡು ಕಾಯಿ ಸುಲಿದರು. ಕಣ್ಣು ಒದ್ದೆಯಾದದ್ದು ಅವಳಿಗೆ ಕಂಡಿತು, ಕಾಣದವಳಂತೆ ಇದ್ದಳು.

“ಬರೀ ಚಾಲಕ ಅಂತ ಹಾಕಿದೀಯಲ್ಲ,” ಎಂದರು ಕೊನೆಗೆ. “ಒಂದೂ ಅಪಘಾತ ಇಲ್ಲದೆ ಅಂತ ಸೇರಿಸಬಹುದಿತ್ತು.”