ದೋಷವಿಲ್ಲದ ಪೆಟ್ಟಿಗೆ

ಗುರಣ್ಣ ಲಿಂಗೈಕ್ಯನಾಗಿ ವರ್ಷ ತುಂಬುತ್ತ ಬಂದಿತ್ತು. ಅವನ ಬಟ್ಟೆ, ಕೈಗಡಿಯಾರ, ಸೈಕಲ್ಲು ಒಂದೊಂದಾಗಿ ಬೇರೆಯವರ ಮನೆ ಸೇರಿದ್ದವು. ಉಳಿದದ್ದು ಆ ಕರಿಯ ಪೆಟ್ಟಿಗೆಯೊಂದೇ.

ಭವಾನಿ ಪೇಟೆಯಲ್ಲಿ ಹಲವು ಸಂಸಾರಗಳಿದ್ದ ಹಳೆಯ ವಾಡೆಯ ಮೇಲಂತಸ್ತಿನ ಎರಡು ಕೋಣೆಗಳ ಮನೆಯಲ್ಲಿ ಅದು ಗೋಡೆಗೆ ಬೆನ್ನು ಹಚ್ಚಿ ನಿಂತಿತ್ತು. ಸೊಂಟದೆತ್ತರ, ಮುಂದೆ ಬೂದು ಬಣ್ಣದ ಜಾಳು ಬಟ್ಟೆ, ಮೇಲೆ ತಿರುಗಿಸುವ ಗುಂಡಿಗಳು, ಒಂದು ಕೆಂಪು ದೀಪ. ಗುರಣ್ಣ ದಂಡಿನ ಪ್ರದೇಶವಾದ ಕ್ಯಾಂಪಿನ ಹೋಟೆಲೊಂದರ ಬ್ಯಾಂಡಿನಲ್ಲಿ ಬಾಸ್ ಗಿಟಾರ್ ನುಡಿಸುತ್ತಿದ್ದ. ದಪ್ಪ ತಂತಿಯ ಆ ವಾದ್ಯಕ್ಕೆ ತನ್ನದೆಂಬ ದನಿಯಿಲ್ಲ, ಈ ಆಂಪ್ಲಿಫಯರಿನ ಬಾಯಿಂದಲೇ ಅದು ಮಾತಾಡಬೇಕು. ಗಿಟಾರು ಹೋಟೆಲಿನದು, ಅವನು ಕಾಮಾಲೆಯಿಂದ ತೀರಿಕೊಂಡಾಗ ಅವರು ಬಂದು ಒಯ್ದರು. ಪೆಟ್ಟಿಗೆ ಅವನ ಸ್ವಂತದ್ದು. ಮುಂಬಯಿಯಲ್ಲಿ ಹಳೆಯದನ್ನೇ ಕೊಂಡು ಲಾರಿಯಲ್ಲಿ ತಂದಿದ್ದ.

ತಾಯಿ ಕಾಶವ್ವ ದಿನವೂ ಸಂಜೆ ದೇವರ ದೀಪ ಹಚ್ಚಿದ ಮೇಲೆ ಪೆಟ್ಟಿಗೆಗೆ ವಿಭೂತಿ ಹಚ್ಚಿ, ಅದರ ಸ್ವಿಚ್ಚು ಒತ್ತುತ್ತಿದ್ದಳು. ಕೆಂಪು ದೀಪ ಹತ್ತಿದ ಕೂಡಲೇ ಒಳಗಿನಿಂದ ಗುಂಯ್ ಎಂಬ ದನಿ ಹೊರಡುತ್ತಿತ್ತು. ನಡುನಡುವೆ ಯಾರೋ ಬೆರಳ ಗೆಣ್ಣಿನಿಂದ ಹಲಗೆ ತಟ್ಟಿದಂತೆ ಒಂದು ಸಪ್ಪಳ. ಕಾಶವ್ವ ಬಟ್ಟೆಗೆ ಕಿವಿಗೊಟ್ಟು ಕುಳಿತಿರುತ್ತಿದ್ದಳು. ಅಡಿಗೆ ತಣ್ಣಗಾದರೂ ಏಳುತ್ತಿರಲಿಲ್ಲ. ಹುಡುಗ ಒಳಗೆ ಉಸಿರಾಡುತ್ತಿದ್ದಾನೆ ಎಂದು ಆಕೆ ನೆರೆಮನೆಯ ತಿಪ್ಪವ್ವನಿಗೆ ಹೇಳಿದ್ದು ಗಂಡನ ಕಿವಿಗೂ ಬಿತ್ತು.

ಗಂಡ ಮುರುಗೆಪ್ಪನಿಗೆ ಆ ಮಾತಿನಿಂದ ಸಿಟ್ಟು ಬರಲಿಲ್ಲ, ದಿಗಿಲಾಯಿತು. ಬೆಲ್ಲದ ಅಡತಿ ಅಂಗಡಿಯಲ್ಲಿ ಗುಮಾಸ್ತನಾಗಿ ಕೂದಲು ನರೆಸಿಕೊಂಡ ಮನುಷ್ಯ. ಎಂದೂ ಲಿಂಗಪೂಜೆ ತಪ್ಪಿಸಿದವನಲ್ಲ. ಮಗನನ್ನು ಸಮಾಧಿಯಲ್ಲಿ ಕೂರಿಸಿ, ಅವನ ಇಷ್ಟಲಿಂಗವನ್ನು ಅವನ ಅಂಗೈಯಲ್ಲೇ ಇಟ್ಟು, ತನ್ನ ಕೈಯಾರೆ ಮಣ್ಣು ಕೊಟ್ಟಿದ್ದ. ಶಿವನಲ್ಲಿ ಬೆರೆತವನು ಮತ್ತೆ ಎಲ್ಲಿಯೂ ತಂಗುವುದಿಲ್ಲ ಎಂದು ಹೆಂಡತಿಗೆ ಹೇಳಿಯೂ ನೋಡಿದ್ದ. ಗುರಣ್ಣ ಈ ಪೆಟ್ಟಿಗೆಯಲ್ಲಿ ಇದ್ದಾನೆ ಎಂದರೆ ಶಿವನಲ್ಲಿಗೆ ಮುಟ್ಟಲೇ ಇಲ್ಲ ಎಂದಂತಾಯಿತು. ಅದೊಂದು ವಿಚಾರ ಅವನನ್ನು ಪೂಜೆಗೆ ಕುಳಿತಾಗಲೂ ಬಿಡದಾಯಿತು.

ಅವರ ಮನೆತನದಲ್ಲಿ ಒಂದು ರೂಢಿಯಿತ್ತು. ತೀರಿಕೊಂಡವರು ಬಳಸಿದ ವಸ್ತುವನ್ನು ವರ್ಷದೊಳಗೆ ಯಾರಿಗಾದರೂ ಕೊಟ್ಟುಬಿಡಬೇಕು. ಕೆಟ್ಟದ್ದನ್ನು ಕೊಡುವಂತಿಲ್ಲ. ಕೊಡುವಾಗ ಜಂಗಮರ ಎದುರಿಗೆ ಮನೆಯವರು ವಸ್ತುವಿನ ಮೇಲೆ ಕೈಯಿಟ್ಟು, ‘ಇದರಾಗ ನಮ್ಮದೇನೂ ಉಳಿದಿಲ್ಲ’ ಎಂದು ಬಾಯಿಬಿಟ್ಟು ಹೇಳಬೇಕು. ಮಠದ ಭಜನಾ ಮಂಡಳಿಯವರು ಮೈಕಿಗೆ ಬರುತ್ತದೆಂದು ಪೆಟ್ಟಿಗೆ ಕೇಳಿದ್ದರು. ಗುಂಯ್‌ಗುಡುವ ಪೆಟ್ಟಿಗೆಯನ್ನು ಕೊಡುವುದು ಹೇಗೆ? ಅದಕ್ಕೇ ಕಾಶವ್ವ ನೆಮ್ಮದಿಯಾಗಿದ್ದಳು. ದೋಷ ಇರುವವರೆಗೆ ಅದು ಮನೆ ಬಿಟ್ಟು ಹೋಗುವಂತಿರಲಿಲ್ಲ.

ಮುರುಗೆಪ್ಪ ಬೆಲ್ಲದ ಪೆಂಟೆಗೆ ಉಗುರು ಚುಚ್ಚಿ, ನಾಲಿಗೆಗೆ ಹಚ್ಚಿ, ಒಳಗೆ ಏನು ಸೇರಿದೆ ಎಂದು ಹೇಳುತ್ತಿದ್ದವನು. ಯಾವ ವಸ್ತುವನ್ನಾದರೂ ಪರೀಕ್ಷೆ ಮಾಡಿದರೆ ಅದರ ಗುಟ್ಟು ಹೊರಬೀಳುತ್ತದೆ ಎಂದು ನಂಬಿದ್ದ. ಸದ್ದಿಗೆ ಕಾರಣ ಸಿಕ್ಕರೆ ಮಗ ಅಲ್ಲಿಲ್ಲ ಎಂಬುದೂ ಸಿಕ್ಕಂತೆ. ಒಂದು ರವಿವಾರ ಮಧ್ಯಾಹ್ನ ಅವನು ನಾನಾ ಪೇಟೆಯ ಲಾಲಪ್ಪನನ್ನು ಕರೆದುಕೊಂಡು ಬಂದ.

ಲಾಲಪ್ಪ ಕಲಬುರ್ಗಿ ಕಡೆಯವನು. ಗಣಪತಿ ಮಂಡಳಗಳ ಭೋಂಗಾ ಎಂಬ ಧ್ವನಿವರ್ಧಕಗಳನ್ನೂ ರೇಡಿಯೋಗಳನ್ನೂ ರಿಪೇರಿ ಮಾಡಿ ಹೆಸರು ಗಳಿಸಿದವನು, ಬಾಯಿ ತುಸು ಜೋರು. ಪೆಟ್ಟಿಗೆಯನ್ನು ಸುತ್ತುಹಾಕಿ ನೋಡಿ, ಹಿಂಬದಿಗೆ ಮೂಗು ಹಚ್ಚಿ ಸುಟ್ಟ ವಾಸನೆ ಇದೆಯೇ ಎಂದು ಮೂಸಿದ. ಸ್ಕ್ರೂಗಳ ತಲೆ ನೋಡಿ, ಇದನ್ನು ಬೇರೆ ಯಾರೂ ಬಿಚ್ಚಿಲ್ಲ ಎಂದ. ಇದರಲ್ಲಿ ವಾಲ್ವ್ ಇಲ್ಲ, ಬರೀ ಟ್ರಾನ್ಸಿಸ್ಟರ್. ವಾಲ್ವಿನದು ಬಿಸಿಯಾಗುವ ತನಕ ಕಾಯಿಸುತ್ತದೆ, ಇದು ಒತ್ತಿದ ಕೂಡಲೇ ಎಚ್ಚರಾಗುತ್ತದೆ ಎಂದು ವಿವರಿಸಿದ. ಆಮೇಲೆ ಬಟ್ಟೆಯ ಚೌಕಟ್ಟು ತೆಗೆದು, ಸ್ಪೀಕರಿನ ಕರಿ ಕಾಗದವನ್ನು ಬೆರಳ ತುದಿಗಳಿಂದ ಮೆಲ್ಲಗೆ ಒಳಕ್ಕೆ ಒತ್ತಿ ಬಿಟ್ಟ. ಅದು ಎಲ್ಲಿಯೂ ತಾಗದೆ ಹೋಗಿ ಬಂತು.

ತಂದಿದ್ದ ಒಂದು ಬಲ್ಬಿನ ಮೂಲಕ ಕರೆಂಟು ಕೊಟ್ಟ. ಒಳಗೆ ಪೂರಾ ಶಾರ್ಟ್ ಆಗಿದ್ದರೆ ಬಲ್ಬು ಭಗ್ಗನೆ ಉರಿಯುತ್ತದೆ; ಇದು ಒಮ್ಮೆ ಮಿನುಗಿ ಮಂಕಾಯಿತು. ಪೆಟ್ಟಿಗೆ ಗುಂಯ್ ಎಂದಿತು. ಆಗ ಮುರುಗೆಪ್ಪ ನೋಡಿದ: ಸ್ಪೀಕರಿನ ಕಾಗದ ಮುಂದಕ್ಕೆ ಉಬ್ಬಿ ಹಾಗೆಯೇ ನಿಂತಿತ್ತು, ಉಸಿರು ಹಿಡಿದವರ ಎದೆಯಂತೆ. ಸ್ವಿಚ್ಚು ತೆಗೆದಾಗ ನಿಧಾನವಾಗಿ ಒಳಗೆ ಇಳಿಯಿತು. ಬಾಗಿಲಲ್ಲಿ ನಿಂತ ಕಾಶವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

“ಅವ್ವಾರ, ಇದರಾಗ ದೆವ್ವಾ ಇಲ್ಲ, ಬೂದಿ ಅದ,” ಎಂದ ಲಾಲಪ್ಪ, ಬಿಚ್ಚಿದ ಗುಂಡಿಯೊಂದನ್ನು ತೋರಿಸುತ್ತ. “ದಿನಾ ವಿಭೂತಿ ಹಚ್ಚಿ ಹಚ್ಚಿ ಇದಕ್ಕ ಸ್ವಾಮಿ ಮಾಡೀರಿ. ಇನ್ನ ಜೋಳಿಗಿ ಒಂದು ಕೊಟ್ರ ಭಿಕ್ಷಾಕ್ಕ ಹೋಗ್ತದ.”

ಅಂದು ಮಧ್ಯಾಹ್ನವೆಲ್ಲ ಅವನು ಒಂದೊಂದೇ ದೋಷ ಹಿಡಿದು ತೆಗೆದ. ಗುಂಯ್ ಎನ್ನುವುದಕ್ಕೆ ಒಣಗಿದ ಕಂಡೆನ್ಸರು ಕಾರಣ, ಹೊಸದು ಹಾಕಿದ. ತಟ್ಟುವ ಸಪ್ಪಳಕ್ಕೆ ಬಿರುಕು ಬಿಟ್ಟ ಬೆಸುಗೆ ಕಾರಣ. ಮತ್ತೆ ಕಾಯಿಸಿ ಕೂಡಿಸಿದ. ಕಾಗದ ಉಬ್ಬುವುದಕ್ಕೆ ಸೋರುತ್ತಿದ್ದ ಟ್ರಾನ್ಸಿಸ್ಟರು ಕಾರಣ, ಅದನ್ನೂ ಬದಲಿಸಿದ. ಗುಂಡಿಗಳ ಒಳಗಿನ ವಿಭೂತಿಯನ್ನು ಸ್ಪಿರಿಟ್ಟಿನಿಂದ ತೊಳೆದ. ಒಂದೊಂದು ಕಾರಣ ಕೇಳಿದಂತೆಲ್ಲ ಮುರುಗೆಪ್ಪನ ಎದೆಯ ಮೇಲಿನ ಭಾರ ಇಳಿಯುತ್ತ ಹೋಯಿತು. ಮನಸ್ಸಿನಲ್ಲೇ ಶಿವನಿಗೆ ಕೈಮುಗಿದ.

ಕೊನೆಗೆ ಲಾಲಪ್ಪ ಗಿಟಾರಿನ ವೈರು ಸಿಕ್ಕಿಸುವ ತೂತಿನಲ್ಲಿ ತಂತಿಯ ತುಂಡೊಂದನ್ನು ಹಾಕಿ ಅದರ ಬಾಯಿ ಕಟ್ಟಿದ. ಇನ್ನು ಹೊರಗಿನಿಂದ ಯಾವ ಸದ್ದೂ ಒಳಗೆ ಹೋಗಲಾರದು ಎಂದು ಹೇಳಿ, ಸ್ವಿಚ್ಚು ಒತ್ತಿ, ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದ. ದೂರದಲ್ಲೆಲ್ಲೋ ರವೆ ಜರಡಿ ಹಿಡಿದಷ್ಟು ಸದ್ದು. ಅಷ್ಟೇ.

ಕಾಶವ್ವ ಬಂದು ಪೆಟ್ಟಿಗೆಯ ಮುಂದೆ ಕುಳಿತಳು. ಬಹಳ ಹೊತ್ತು ಕಿವಿಗೊಟ್ಟಳು. ಅಳುತ್ತಾಳೆ ಎಂದು ಮುರುಗೆಪ್ಪ ಎಣಿಸಿದ್ದ. ಆದರೆ ಆಕೆಯ ಮುಖ ತಿಳಿಯಾಯಿತು. ವರ್ಷದಿಂದ ಬಿಗಿದಿದ್ದ ಭುಜಗಳು ಸಡಿಲಾದವು.

“ಹೋದ್ನ ನೋಡ್ರಿ,” ಎಂದಳು. “ನೀವು ಹೇಳಿದ್ದು ಖರೇ ಅದ. ಶಿವನ ಕಡೆ ಹೋದ. ಇನ್ನ ಕೊಟ್ಟುಬಿಡ್ರಿ.”

ಆಕೆ ಚಹಾ ಕಾಯಿಸಲು ಒಳಗೆ ಹೋದಳು. ಮುರುಗೆಪ್ಪ ತನಗೂ ಒಮ್ಮೆ ಕೇಳಲಿ ಎಂದು ಬಗ್ಗಿ ಕಿವಿ ಹಚ್ಚಿದ.

ಮೊದಲು ಅದು ಕಿವಿಗೆ ಕೇಳಲಿಲ್ಲ, ದವಡೆಯ ಎಲುಬಿಗೆ ತಿಳಿಯಿತು. ದಪ್ಪನೆಯ ನಿಧಾನದ ಒಂದು ಸ್ವರ. ಬಿಡುವು. ಅದಕ್ಕಿಂತ ತುಸು ಕೆಳಗಿನ ಇನ್ನೊಂದು ಸ್ವರ. ತಂದೆ ಪೂಜೆಗೆ ಕುಳಿತ ಹೊತ್ತಿನಲ್ಲಿ ಗುರಣ್ಣ ಹಾಗೆಯೇ ನುಡಿಸುತ್ತಿದ್ದ, ದನಿಯನ್ನು ಪೂರಾ ಇಳಿಸಿ, ನೆಲಕ್ಕೆ ಮಾತ್ರ ಗೊತ್ತಾಗುವಂತೆ. ಒಂದೊಂದು ಸ್ವರವನ್ನೂ ಅಂಗೈಯಿಂದ ಅದುಮಿ ನಿಲ್ಲಿಸುವುದು ಅವನ ಅಭ್ಯಾಸ. ಇಲ್ಲಿಯೂ ಸ್ವರ ತಾನಾಗಿ ಆರುತ್ತಿರಲಿಲ್ಲ. ಯಾರೋ ಅದುಮಿ ನಿಲ್ಲಿಸುತ್ತಿದ್ದರು.

ಮುರುಗೆಪ್ಪ ಲಾಲಪ್ಪನನ್ನು ಕರೆದು ಕೇಳಲು ಹೇಳಿದ. ಅವನು ಕಣ್ಣು ಮುಚ್ಚಿ ಕಿವಿಗೊಟ್ಟ. ಏನೂ ಇಲ್ಲ, ಸ್ವಚ್ಛ ಇದೆ ಎಂದ. ಪ್ಲಗ್ಗು ಕೀಳಿಸಿದ ಮೇಲೂ, ಕೆಂಪು ದೀಪ ಆರಿದ ಮೇಲೂ, ಮುರುಗೆಪ್ಪನ ದವಡೆಯಲ್ಲಿ ಆ ಸ್ವರಗಳು ಬರುತ್ತಲೇ ಇದ್ದವು.

ಗುಂಯ್ ಎನ್ನುವ ಸದ್ದಿನ ಕೆಳಗೆ ವರ್ಷದುದ್ದಕ್ಕೂ ಇದು ಇದ್ದಿರಬೇಕು. ಆ ಸದ್ದನ್ನು ತಾನೇ ತೆಗೆಸಿದ್ದ. ಇದಕ್ಕೆ ಹಚ್ಚಲು ಈಗ ಒಂದು ಕಾರಣವೂ ಉಳಿದಿರಲಿಲ್ಲ.

ಲಾಲಪ್ಪ ಸಾಮಾನು ಕಟ್ಟಿಕೊಂಡು ಮೆಟ್ಟಿಲಿಳಿಯುವಾಗ ಮುರುಗೆಪ್ಪ ಹಿಂದೆಯೇ ಹೋಗಿ, ದನಿ ತಗ್ಗಿಸಿ, ಆ ಹಳೆಯ ಕಂಡೆನ್ಸರನ್ನೇ ಮತ್ತೆ ಕೂಡಿಸಲು ಆಗುತ್ತದೆಯೇ ಎಂದು ಕೇಳಿದ.

ಲಾಲಪ್ಪ ನಕ್ಕ. “ನನ್ನ ಹಳೇ ಬ್ಯಾನಿ ನನಗ ವಾಪಸ್ ಕೊಡ್ರಿ ಅಂತ ಯಾರರ ಡಾಕ್ಟರಗ ಕೇಳ್ತಾರೇನ್ರಿ ಕಾಕಾ?” ಎಂದ. ಆಮೇಲೆ ಮುದುಕನ ಮುಖ ನೋಡಿ ನಗು ನಿಲ್ಲಿಸಿದ. ಏನಾಯಿತೆಂದು ಕೇಳಿದ. ಮುರುಗೆಪ್ಪ ಏನೂ ಇಲ್ಲವೆಂದು ತಲೆಯಾಡಿಸಿ ಮೇಲೆ ಹತ್ತಿದ.

ಸೋಮವಾರ ಬೆಳಿಗ್ಗೆ ಮಠದ ಜಂಗಮರಾದ ಅಯ್ಯನವರು ಬಂದರು. ಜೊತೆಗೆ ಕೈಗಾಡಿಯ ಮಾರ್ತಾಂಡ. ಪೆಟ್ಟಿಗೆಯನ್ನು ಕೆಳಗಿಳಿಸಿ ವಾಡೆಯ ಅಂಗಳದಲ್ಲಿ ಇಟ್ಟರು. ಕಾಶವ್ವ ಅಯ್ಯನವರ ಪಾದಕ್ಕೆ ನೀರು ಹಾಕಿದಳು. ಎಷ್ಟೋ ತಿಂಗಳ ಮೇಲೆ ಆಕೆ ತಲೆ ಬಾಚಿ ಗಂಟು ಹಾಕಿದ್ದಳು. ಹಿಂದಿನ ರಾತ್ರಿ ಗಂಡನ ಜೊತೆ ಕುಳಿತು ರೊಟ್ಟಿ ತಿಂದಿದ್ದಳು.

ಅಯ್ಯನವರು ಹೇಳಬೇಕಾದ ಮಾತು ಹೇಳಿರಿ ಎಂದರು. ಮುರುಗೆಪ್ಪ ಪೆಟ್ಟಿಗೆಯ ಮೇಲೆ ಕೈಯಿಟ್ಟ. ಬಾಯಿ ತೆರೆದ. ಹಣೆಯ ಮೇಲೆ ಹಸಿ ವಿಭೂತಿ ಇತ್ತು. ವಿಭೂತಿ ಧರಿಸಿ ಸುಳ್ಳಾಡಿದವನಲ್ಲ. ನಿಜ ಹೇಳಿದರೆ ಕಾಶವ್ವ ಮತ್ತೆ ಆ ಬಟ್ಟೆಗೆ ಕಿವಿಗೊಟ್ಟು ಕೂರುತ್ತಾಳೆ, ಸಾಯುವ ತನಕ ಏಳುವುದಿಲ್ಲ. ಅಂಗೈಯ ಕೆಳಗೆ ಹಲಗೆ ಮೆಲ್ಲಗೆ ಮಿಡಿಯಿತು. ಅವನು ತೆರೆದ ಬಾಯಿ ಮುಚ್ಚಿ ತಲೆ ತಗ್ಗಿಸಿದ.

ಗಂಡನಿಗೆ ದುಃಖ ಉಕ್ಕಿತೆಂದು ತಿಳಿದ ಕಾಶವ್ವ ಮುಂದೆ ಬಂದು, ಅವನ ಕೈಯ ಪಕ್ಕದಲ್ಲಿ ತನ್ನ ಕೈಯಿಟ್ಟಳು.

“ಇದರಾಗ ನಮ್ಮದೇನೂ ಉಳಿದಿಲ್ರಿ ಅಯ್ಯನವರ,” ಎಂದಳು. ದನಿ ಸ್ವಲ್ಪವೂ ನಡುಗಲಿಲ್ಲ. ಆಮೇಲೆ ಮನೆಯೊಳಗೆ ಹೋಗಿ, ಪೆಟ್ಟಿಗೆ ನಿಂತಿದ್ದ ಜಾಗವನ್ನು ಗುಡಿಸತೊಡಗಿದಳು.

ಮುರುಗೆಪ್ಪ ಗಾಡಿಯ ಜೊತೆ ನಡೆದ. ಪೆಟ್ಟಿಗೆ ಬೀಳದಂತೆ ಹಿಡಿದವರ ಹಾಗೆ ಮುಂದಿನ ಬಟ್ಟೆಯ ಮೇಲೆ ಅಂಗೈ ಒತ್ತಿದ್ದ. ಬೆಲ್ಲದ ಸಾಲು ದಾಟಿತು, ಕಟ್ಟಿಗೆಯ ಅಡ್ಡೆಗಳು ದಾಟಿದವು. ಬಟ್ಟೆಯ ಹಿಂದಿನಿಂದ ಕಾಗದ ಮುಂದೆ ಬಂದು ಅಂಗೈಗೆ ತಾಗುತ್ತಿತ್ತು, ನಿಲ್ಲುತ್ತಿತ್ತು, ಹಿಂದೆ ಸರಿಯುತ್ತಿತ್ತು. ಮೆಲ್ಲಗೆ ನಡೆ ಎಂದು ಮಾರ್ತಾಂಡನಿಗೆ ಮರಾಠಿಯಲ್ಲಿ ಹೇಳಿದ. ಇದಕ್ಕಿಂತ ಮೆಲ್ಲಗೆ ಹೋದರೆ ಗಾಡಿ ನಿಂತೇಬಿಡುತ್ತದೆ ಎಂದು ಅವನು ಗೊಣಗಿದ.

ಮುರುಗೆಪ್ಪ ಪಂಚಾಕ್ಷರಿ ಜಪಿಸತೊಡಗಿದ. ಒಂದು ಅಕ್ಷರ ಹೇಳಿದ, ಇನ್ನೊಂದು ಹೇಳಿದ. ಮಠದ ಗೋಪುರ ಕಾಣಿಸುವ ಹೊತ್ತಿಗೆ ಅವನಿಗೆ ತಿಳಿಯಿತು, ಮುಂದಿನ ಅಕ್ಷರಕ್ಕೆ ನಾಲಿಗೆ ತಾನಾಗಿ ಏಳುತ್ತಿಲ್ಲ. ಅಂಗೈಗೆ ಆ ಕಾಗದ ಬಂದು ತಾಗುವ ತನಕ ಕಾಯುತ್ತಿದೆ.