ಬಳೆ ತೊಟ್ಟ ಮೇಲಿನ ಸ್ಕ್ಯಾನ್

ನಮ್ಮ ಮನೆಗಳಲ್ಲಿ ಏಳನೇ ತಿಂಗಳು ಬಳೆ ತೊಡಿಸಿ ತವರಿಗೆ ಕರೆತಂದ ಬಸುರಿ ಹೆರಿಗೆಯವರೆಗೆ ಊರ ಗಡಿ ದಾಟುವುದಿಲ್ಲ. ಮಗಳು ತೆನ್ಮೊಳಿಯನ್ನು ಸೋಮನೂರಿಗೆ ಕರೆತಂದು ನಾಲ್ಕು ದಿನವಾಗಿತ್ತು. ಹೊಟ್ಟೆಯಲ್ಲಿ ಅವಳಿ, ಎರಡಕ್ಕೂ ಒಂದೇ ಮಾಸು. ಅದಕ್ಕೇ ಕೊಯಮತ್ತೂರಿನ ಡಾಕ್ಟರು ಹದಿನೈದು ದಿನಕ್ಕೊಮ್ಮೆ ಸ್ಕ್ಯಾನ್ ಆಗಲೇಬೇಕು ಅಂದಿದ್ದರು.

"ಹೋದ ಸಲ ಎಲ್ಲಾ ಸರಿ ಅಂದ್ರಲ್ಲ, ಈ ಒಂದ್ಸಲ ಬಿಡು ಕಂದಾ. ನಿಮ್ಮತ್ತೆಗೆ ಗೊತ್ತಾದ್ರೆ ನನ್ನ ಮಾನ ಹೋಗ್ತದೆ," ಎಂದೆ, ಮಗ್ಗದ ಮುಂದೆ ನಿಂತೇ.

ಅವಳು ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಚೆಕಿಂಗ್ ಕೆಲಸದವಳು.

"ನೂರು ಪೀಸು ಸರಿ ಇದ್ರೆ ನೂರೊಂದನೇದನ್ನ ನೋಡ್ದೇನೆ ಪೆಟ್ಟಿಗೆಗೆ ಹಾಕ್ತೀವಾಮ್ಮಾ?"

"ಮಗು ಏನು ಬನಿಯನ್ನಾ?"

"ಅಲ್ಲ. ಅದಕ್ಕೇ ನೋಡ್ಬೇಕು."

ಬ್ಯಾಗು ತೆಗೆದುಕೊಂಡು ಹೊರಟೇಬಿಟ್ಟಳು. ಮಗ್ಗ ನಿಲ್ಲಿಸಿ, ಗೊಣಗಿಕೊಂಡೇ ನಾನೂ ಹಿಂದೆ ನಡೆದೆ.

ಕೊಯಮತ್ತೂರಿನಲ್ಲಿ ಡಾಕ್ಟರ್ ರಾಜಾಮಣಿ ಸ್ಕ್ಯಾನಿನಲ್ಲಿ ಒಂದು ಮಗುವನ್ನು ಬೇಗ ನೋಡಿ ಮುಗಿಸಿದರು. ಇನ್ನೊಂದರ ತಲೆಯ ಹತ್ತಿರ ಮೂರು ಸಲ ಅಳೆದರು.

"ಬೆಳವಣಿಗೆ ಸರಿ, ನೀರೂ ಸರಿ. ಆದರೆ ಡಾಪ್ಲರ್‌ನಲ್ಲಿ ಈ ಮಗುವಿನ ಮೆದುಳಿನ ನಾಳದಲ್ಲಿ ರಕ್ತ ಬಹಳ ವೇಗವಾಗಿ ಓಡುತ್ತಿದೆ."

"ಜೋರಾಗಿ ಓಡಿದ್ರೆ ಒಳ್ಳೇದಲ್ವಾ?" ಎಂದೆ.

"ನೂಲಿಗೆ ಹಾಕೋ ಗಂಜಿಗೆ ನೀರು ಹೆಚ್ಚಾದರೆ?"

"ಸುರ್ ಅಂತ ಹರೀತದೆ."

"ಹಾಗೇ. ಇದರ ರಕ್ತ ತೆಳುವಾಗಿದೆ. ಮಾಸಿನ ಸಣ್ಣ ನಾಳಗಳ ಮೂಲಕ ಇದರ ರಕ್ತ ಸ್ವಲ್ಪ ಸ್ವಲ್ಪವಾಗಿ ಆ ಇನ್ನೊಂದು ಮಗುವಿಗೆ ಹೋಗುತ್ತಿದೆ. ಸುಮ್ಮನೆ ಬಿಟ್ಟರೆ ಇದು ಉಳಿಯೋದು ಕಷ್ಟ."

ಮಗಳು, "ಇನ್ನೇನು ಮಾಡ್ಬೇಕು, ಹೇಳಿ ಡಾಕ್ಟರ್," ಎಂದಳು.

ಅವತ್ತೇ ಆಸ್ಪತ್ರೆಗೆ ಸೇರಿಸಿಕೊಂಡು ಮಕ್ಕಳ ಶ್ವಾಸಕೋಶಕ್ಕೆಂದು ಇಂಜೆಕ್ಷನ್ ಕೊಟ್ಟರು. ಮೂರನೇ ದಿನ ಆಪರೇಷನ್. ಒಂದು ಮಗು ಕೋರಾ ಬಟ್ಟೆಯ ಹಾಗೆ ಬಿಳಿಚಿಕೊಂಡಿತ್ತು, ಇನ್ನೊಂದು ಹಣ್ಣು ಮೆಣಸಿನಕಾಯಿಯಷ್ಟು ಕೆಂಪು. ಬಿಳಿಯದಕ್ಕೆ ರಕ್ತ ಕೊಟ್ಟರು, ಕೆಂಪಿನದರ ರಕ್ತವನ್ನು ತಿಳಿ ಮಾಡಿದರು. ಇಪ್ಪತ್ತಾರು ದಿನ ಇಬ್ಬರೂ ಗಾಜಿನ ಪೆಟ್ಟಿಗೆಯಲ್ಲಿದ್ದು, ನಿನ್ನೆ ಮನೆಗೆ ಬಂದರು.

ಇವತ್ತು ನೋಡಲು ಬಂದ ನಾದಿನಿ ಬೆಳ್ಳಿಯಮ್ಮ ಕೂರುವ ಮೊದಲೇ ಶುರು ಮಾಡಿದಳು.

"ಬಳೆ ತೊಟ್ಟವಳನ್ನ ಗಡಿ ದಾಟ್ಸಿ ಕಳ್ಸಿದ್ರಂತೆ ಅತ್ತಿಗೆ?"

"ನಾನೆಲ್ಲಿ ಕಳ್ಸಿದೆ? ಬೇಡಾಂತ ತಡೆದವಳು ನಾನು. ಅವಳು ನನ್ನ ಮಾತು ಕೇಳಿದ್ದಿದ್ರೆ ಇವತ್ತು ನೀನು ನೋಡಕ್ಕೆ ಬರ್ತಿದ್ದದ್ದು ಒಂದೇ ಮಗೂನ."

ಒಳಗೆ ಎರಡೂ ಒಟ್ಟಿಗೆ ಅಳತೊಡಗಿದವು. ಬೆಳ್ಳಿಯಮ್ಮ ಒಂದನ್ನು ಎತ್ತಿಕೊಂಡಳು, ನಾನು ಇನ್ನೊಂದನ್ನು.